ಗಂಗಾಳ ಹೆಸರನ್ನೂ ಹಾಕಿಸಿದ ಯಮನಮ್ಮ ಸಿಸ್ಟರ್

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಮಾತು ಬಂದರೆ ಮೊದಲು ನೆನಪಾಗುವ ಹೆಸರು ಆರೋಗ್ಯ ಸಹಾಯಕಿ ಶ್ರೀಮತಿ ಯಮನಮ್ಮನವರದು. ಮೂವತ್ತಮೂರು ವರ್ಷ ದುಡಿದು, ಸೇರಿದ ಹುದ್ದೆಯಲ್ಲೇ ಅವರು ನಿವೃತ್ತರಾದರು. ಬಡ್ತಿಯ ಕಡತ ಯಾವ ಕಪಾಟಿನಲ್ಲಿ ಮಲಗಿತೋ ದೇವರೇ ಬಲ್ಲ.

ಮೊದಲ ನೇಮಕ ಸಾಲಗುಂದದ ಕಡೆ. ಮಗುವಿನ ಜ್ವರದ ನೆಪದಲ್ಲಿ ಬಂದ ಹೆಂಗಸರು ಎಲ್ಲರೂ ಹೋದ ಮೇಲೂ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಸಿರು ತಡೆಯುವ ಗುಳಿಗೆ ನುಂಗಿದರೆ ಗರ್ಭಕೋಶ ಒಣಗುತ್ತದೆಯೇ, ಮುಂದೆ ಮಕ್ಕಳೇ ಆಗುವುದಿಲ್ಲವೇ ಎಂದು ಸೆರಗಿನ ಮರೆಯಲ್ಲಿ ಕೇಳುತ್ತಿದ್ದರು. ಗುಳಿಗೆ ಬಿಟ್ಟರೆ ಮತ್ತೆ ಬಸಿರಾಗಬಹುದು, ಶುರುಮಾಡಿದ ಮೊದಲ ಎರಡು ಮೂರು ತಿಂಗಳು ವಾಕರಿಕೆ, ತಲೆನೋವು, ನಡುವೆ ಒಂದಿಷ್ಟು ರಕ್ತ ಕಾಣಿಸುವುದುಂಟು, ಸಾಮಾನ್ಯವಾಗಿ ತಾನೇ ತಗ್ಗುತ್ತದೆ ಎಂದು ಅವರು ಬೇಸರವಿಲ್ಲದೆ ಹೇಳುತ್ತಿದ್ದರು. ಮೇಲಿನವರಿಗೆ ಬೇಕಾಗಿದ್ದದ್ದು ಗುಳಿಗೆಯ ಎಷ್ಟು ಪಾಕೀಟು ಹಂಚಿದಿರಿ ಎಂಬುದಷ್ಟೇ.

ಲಿಂಗಸುಗೂರು ತಾಲ್ಲೂಕಿಗೆ ವರ್ಗವಾದ ಮೇಲೆ ಅಂಬಿಕಾ ಎಂಬಾಕೆ ಇವರು ಕೊಟ್ಟ ಗುಳಿಗೆ ತಿಂದೂ ಬಸಿರಾಗಿ ಬಂದಳು. ಗಂಡ ಹಟ್ಟಿ ಗಣಿಯಲ್ಲಿ. ವಾರದ ರಜೆಗೆ ಊರಿಗೆ ಬರುವವನು. ಅವನು ಬಂದ ದಿನ ಮಾತ್ರ ಇವಳು ಗುಳಿಗೆ ನುಂಗುತ್ತಿದ್ದಳು. ಓಣಿಯವರು ನಕ್ಕರು, ಯಮನಮ್ಮನವರು ನಗಲಿಲ್ಲ. "ಗಂಡ ಬರ್ಲಿ ಬಿಡ್ಲಿ, ಗುಳಿಗಿ ದಿನಾ ತಗೋಬೇಕವ್ವಾ. ಒಂದಿನ ಮರತ್ರ ನೆನಪಾದ ಕೂಡ್ಲೇ ನುಂಗು," ಎಂದು ಮುಂದಿನ ಸಲಕ್ಕೆ ತಿಳಿಹೇಳಿ, ಮೊದಲು ತಾವೇ ಸರಿಯಾಗಿ ಹೇಳಿಕೊಡಲಿಲ್ಲವೆಂದು ನೊಂದುಕೊಂಡರು. ಅಲ್ಲಿಂದಾಚೆ ಗಣಿಯವರ ಮನೆ ಹೊಕ್ಕರೆ ಅವರ ಮೊದಲ ಪ್ರಶ್ನೆ ಗಂಡನ ಪಾಳಿಯದೇ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಎಲ್ಲರಿಗೂ ಹಿತವಾಗಿರುತ್ತಿತ್ತು. ನಮ್ಮ ಪತ್ರಿಕೆಯ ಸಂಪಾದಕ ಮಂಡಳಿಯ ಬಯಕೆಯೂ ಅದೇ ಆಗಿತ್ತು. ಕರಡು ಓದಿದ ಯಮನಮ್ಮನವರು ಮಾತ್ರ ಒಂದೇ ಮಾತು ಹೇಳಿದರು: "ಗಂಗಾನ ಹೆಸರು ಬಿಟ್ರ ನನ್ನ ಹೆಸರೂ ಬಿಡ್ರಿ."

ಹನ್ನೊಂದು ವರ್ಷದ ಹಿಂದಿನ ಮಾತು, ಮಸ್ಕಿ ಕಡೆಯ ಒಂದು ಹಳ್ಳಿ. ಮೂವತ್ತಾರರ ಗಂಗಾ ಗುಳಿಗೆ ಶುರುಮಾಡಿ ಎರಡು ತಿಂಗಳಾಗಿತ್ತು. "ತಲಿ ಸಿಡೀತೈತ್ರಿ ಅಕ್ಕಾರ, ಕಣ್ಣ ಮುಂದ ಮಿಂಚು ಹೊಡದಂಗ ಆಕ್ಕೈತಿ," ಎಂದಳು. ರಕ್ತದೊತ್ತಡ ನೋಡುವ ಯಂತ್ರ ಕೆಟ್ಟು ಏಳು ತಿಂಗಳು. ಬರೆದ ಅರ್ಜಿಗೆ ಉತ್ತರವಿಲ್ಲ. ಆದರೆ ಯಮನಮ್ಮನವರು ಕೆಟ್ಟ ಯಂತ್ರದ ನೆಪದ ಹಿಂದೆ ಅಡಗುವವರಲ್ಲ, ತಪ್ಪು ತಮ್ಮದೇ ಎನ್ನುತ್ತಾರೆ. ಇಪ್ಪತ್ತು ವರ್ಷ ಹೆಂಗಸರ ಹೆದರಿಕೆ ಬಿಡಿಸಿ ಬಿಡಿಸಿ, ಇದೂ ಅಂಥದ್ದೇ ಹೆದರಿಕೆಯೆಂದು ಅವರು ತಿಳಿದರು. ಗುಳಿಗೆ ತಿನ್ನುವವರಿಗೆ ಇಂಥ ತಲೆನೋವು ಲಕ್ವದ ಮುನ್ಸೂಚನೆ ಆಗಬಹುದು; ಗುಳಿಗೆ ನಿಲ್ಲಿಸಿ ಇವತ್ತೇ ಡಾಕ್ಟರ ಹತ್ತಿರ ಹೋಗೆಂದು ಹೇಳಬೇಕಿದ್ದ ಬಾಯಿ, ಬಿಡಬೇಡ, ತಾನೇ ತಗ್ಗುತ್ತದೆ ಎಂದಿತು. ಹತ್ತು ದಿನಕ್ಕೆ ನಾಟಿ ಹಚ್ಚುತ್ತಿದ್ದ ಗದ್ದೆಯಲ್ಲಿ ಗಂಗಾಳ ಬಲಗೈಯಿಂದ ಸಸಿ ಜಾರಿತು. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಮಾತು ಹೋಯಿತು.

ಆ ವರ್ಷವೇ ಅತಿ ಹೆಚ್ಚು ಪಾಕೀಟು ಹಂಚಿದ್ದಕ್ಕೆ ಯಮನಮ್ಮನವರಿಗೆ ಪ್ರಶಸ್ತಿಪತ್ರ ಬಂತು. ಎಂಥ ನಾಚಿಕೆಗೇಡು! ಅದನ್ನು ಅವರು ಮನೆಯ ಗೋಡೆಗೆ ಏರಿಸಲಿಲ್ಲ. ಸ್ವಂತದ್ದೊಂದು ಯಂತ್ರ ತಂದುಕೊಂಡು, ಒತ್ತಡ ನೋಡದೆ, ತಲೆನೋವಿನೊಡನೆ ಕಣ್ಣು ಮಿಂಚುತ್ತದೆಯೇ, ಎದೆ ನೋಯುತ್ತದೆಯೇ, ಕಾಲು ಊದುತ್ತದೆಯೇ ಎಂದು ಕೇಳದೆ ಯಾರಿಗೂ ಪಾಕೀಟು ಕೊಡಲಿಲ್ಲ. ಹಂಚಿಕೆ ಕುಸಿದು ನೋಟಿಸು ಬಂದಾಗಲೂ ಜಗ್ಗಲಿಲ್ಲ. ಕೊನೆಗೆ ದಢೇಸುಗೂರಿನ ಕಡೆಗೆ ವರ್ಗವಾದ ಮೇಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಗಂಗಾಳ ಮನೆಗೆ ಹೋಗುವುದು ತಪ್ಪಲಿಲ್ಲ. ಹೋದಾಗಲೆಲ್ಲ ಕ್ಷಮೆ ಕೇಳುವುದೂ ತಪ್ಪಲಿಲ್ಲ.

ಹೆಸರು ಅಚ್ಚು ಹಾಕಿಸಲು ಒಪ್ಪಿಗೆ ಕೇಳಲೆಂದು ಕಳೆದ ತಿಂಗಳು ಹೋದಾಗ ಗಂಗಾ ಒಪ್ಪಿಗೆಯೆಂಬಂತೆ ತಲೆಯಾಡಿಸಿ, ಮುಖ ಗೋಡೆಗೆ ತಿರುಗಿಸಿಕೊಂಡಳು. ಮಗಳು ಜ್ಯೋತಿ ಬಾಗಿಲವರೆಗೂ ಬಂದು ಹೇಳಿದಳು: "ಅವ್ವ ಹೂಂ ಅಂದಾಳ್ರಿ, ಹೆಸರು ಹಾಕ್ಸ್ರಿ. ಬರೂದೂ ಬಿಡಬ್ಯಾಡ್ರಿ. ಮಾಫಿ ಮಾತ್ರ ಇನ್ನ ಕೇಳಬ್ಯಾಡ್ರಿ, ಅದು ಆಕಿ ಕಡೆ ಇಲ್ಲ."

ಹೊಸ ಸಿಸ್ಟರುಗಳಿಗೆ ಕಲಿಸುವ ಕೆಲಸವನ್ನು ಯಮನಮ್ಮನವರು ಈಗ ತಾವಾಗಿ ಹಿಡಿದಿದ್ದಾರೆ. ಅವರಿಗೆ ದೀರ್ಘಾಯುಷ್ಯವನ್ನು, ಬಸ್ಸು ಹತ್ತುವಷ್ಟು ಕಾಲಿನ ಕಸುವನ್ನು ಮನಸಾರೆ ಹಾರೈಸುತ್ತೇವೆ; ನೆಮ್ಮದಿಯನ್ನು ಹಾರೈಸಲು ಹೋದರೆ ಅವರೇ ಆ ಸಾಲು ಹೊಡೆದುಹಾಕಿದರು.