ಗೋಲುಕಂಬ ಹೊತ್ತ ಎವಾಲ್ಡ್

ಲೈಪ್ಜಿಗ್ ಊರಿನ ಗೋಲು ಕಾಯುವ ಮಹಾವೀರ ಎವಾಲ್ಡ್ ಹೆನ್ಶೆಲ್ ವಾರವಿಡೀ ಅಂಗಡಿಯಲ್ಲಿ ನಿಂತು ಹೆಂಗಸರ ಕೈಗವಸು ಮಾರುತ್ತಿದ್ದ. ಭಾನುವಾರ ಮಾತ್ರ ಅವನು ಎವಾಲ್ಡ್ ಅಲ್ಲ, ರೋಡೆ. ಇಂಗ್ಲಿಷರಿಂದ ಫುಟ್‌ಬಾಲ್ ಆಗಷ್ಟೇ ಬಂದಿದ್ದ ಆ ಕಾಲದಲ್ಲಿ ಅದನ್ನು ಆಡುವವನಿಗೆ ಮನೆಯಲ್ಲೂ ಮರ್ಯಾದೆಯಿಲ್ಲ, ಕೆಲಸದಲ್ಲೂ ಇಲ್ಲ. ಅರ್ಧ ತಂಡ ಕಳ್ಳಹೆಸರಿನಲ್ಲೇ ಆಡುತ್ತಿತ್ತು. ಎವಾಲ್ಡನ ಸಂಕಟ ಇನ್ನೂ ದೊಡ್ಡದು. ಅವನಪ್ಪ ಟ್ರಾಗೊಟ್ ವ್ಯಾಯಾಮ ಸಂಘದ ಗುರು. ಒದೆಯುವುದು ಕತ್ತೆಯ ಕೆಲಸ, ಅದೂ ಇಂಗ್ಲಿಷ್ ಕತ್ತೆಯದು ಎಂದು ಸಾರುತ್ತಿದ್ದವನು.

ಆಡುವ ಜಾಗವೆಂದರೆ ಸೈನಿಕರ ಕವಾಯತು ಬಯಲು. ಅಲ್ಲಿ ಕಂಬ ನೆಟ್ಟು ಬಿಟ್ಟುಬರಲು ಅಪ್ಪಣೆಯಿರಲಿಲ್ಲ. ಬಿಯರ್ ಅಂಗಡಿಯ ಹಿತ್ತಲಲ್ಲಿಟ್ಟ ಗೋಲುಕಂಬಗಳನ್ನು ಆಟಗಾರರೇ ಹೊತ್ತೊಯ್ದು, ನೆಟ್ಟು, ಆಡಿ, ಕಿತ್ತು ತರಬೇಕು. ತನ್ನ ಬೀದಿ ಹತ್ತಿರವಾದರೆ ಎವಾಲ್ಡ್ ಕಂಬವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿ, ಚರ್ಚಿನ ಹಿಂದಿನ ಓಣಿಯಲ್ಲಿ ನುಸುಳಿಬಿಡುತ್ತಿದ್ದ. ಗೆದ್ದ ಸಂಜೆ ಉಳಿದವರು ಹಾಡಿಕೊಂಡು ಬಿಯರ್ ಹೀರುವಾಗ, ನಮ್ಮ ವೀರ ಹೊಳೆದಂಡೆಯಲ್ಲಿ ಒಬ್ಬನೇ ಕೂತು ಬೂಟಿನ ಕೆಸರು ತೊಳೆಯುತ್ತಿದ್ದ.

ಬರ್ಲಿನ್ ತಂಡದೊಂದಿಗಿನ ಮಹಾಸಮರದಲ್ಲಿ ಕೊನೆಗಳಿಗೆಯ ಪೆನಾಲ್ಟಿಯನ್ನು ಅವನು ಎದೆಯೊಡ್ಡಿ ತಡೆದ. ಮರುದಿನ ಊಟಕ್ಕೆ ಕೂತಾಗ ಅಪ್ಪ ಪತ್ರಿಕೆಯಿಂದ ತಲೆಯೆತ್ತಿದ.

"ಆಟ ದರಿದ್ರದ್ದೇ ಬಿಡು. ಆದ್ರೆ ಈ ರೋಡೆ ಅನ್ನೋನಿಗೆ ಎದೆ ಇದೆ ಕಣೋ. ಹೆತ್ತೋರು ಪುಣ್ಯವಂತರು."

ಎವಾಲ್ಡ್ ಬಾಯಿಗೊಯ್ದ ಆಲೂಗಡ್ಡೆಯನ್ನು ತಟ್ಟೆಗಿಟ್ಟ. "ಅಪ್ಪಾ, ರೋಡೆ ನಾನೇ."

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ವ್ಯಾಯಾಮದ ಕಂಬಿಗೆ ಜೋತುಬಿದ್ರೆ ಒದ್ದೆ ಬಟ್ಟೆ ಥರ ತೂಗಾಡ್ತಿದ್ದೆ, ನೀನಾ? ಸಾಸೇಜ್ ತಿನ್ನೋ, ಆರಿಹೋಗ್ತದೆ."

ತಾನು ಹೊಗಳಿಸಿಕೊಂಡ ಮನೆಯಲ್ಲೇ ತನಗೆ ಜಾಗವಿಲ್ಲದಂತಾಗಿ ಎವಾಲ್ಡ್ ಸಾಸೇಜ್ ತಿಂದ.

ಮುಂದಿನ ಭಾನುವಾರ ಅವನು ಓಣಿಗೆ ತಿರುಗಲಿಲ್ಲ. ಅಪ್ಪನ ಶಿಷ್ಯರೆಲ್ಲ ಬಾಯಿಬಿಟ್ಟುಕೊಂಡು ನೋಡುವಂತೆ, ಗದೆ ಹೊತ್ತ ಭೀಮನ ಠೀವಿಯಲ್ಲಿ, ಕಂಬ ಹೊತ್ತು ನಡುಬೀದಿಯಲ್ಲೇ ನಡೆದ. ಜೊತೆಗಾರರು ಮುಂದೆ ಹೋದರು. ಅವನು ಮಾತ್ರ ತನ್ನ ಮನೆಯ ಮಹಡಿ ಕಿಟಕಿಯ ಕೆಳಗೆ ನಿಂತ. ಕಿಟಕಿ ತೆರೆಯಿತು. ಅಪ್ಪ ಬಹಳ ಹೊತ್ತು ನೋಡಿದ. ಈ ಸಲ ನಗಲಿಲ್ಲ.

"ಎಡಭುಜ ಇಳಿದಿದೆ. ನೆಟ್ಟಗೆ ಹೊರು," ಎಂದು ಕಿಟಕಿ ಮುಚ್ಚಿದ.

ಎವಾಲ್ಡ್ ಭುಜ ಸರಿಮಾಡಿಕೊಂಡ. ಅಂದಿನಿಂದ ಸ್ವಂತ ಹೆಸರಿನಲ್ಲೇ ಆಡಿದ. ಕೈಗವಸಿನಂಗಡಿಯ ಕೆಲಸ ಹೋಯಿತು. ಇನ್ನೊಂದು ಅಂಗಡಿ ಸಿಕ್ಕಿತು. ಅಪ್ಪ ಒಂದು ಆಟಕ್ಕೂ ಬರಲಿಲ್ಲ, ಆ ವಿಷಯ ಮಾತಾಡಲೂ ಇಲ್ಲ. ಭಾನುವಾರ ಕಂಬ ಬೀದಿಯಲ್ಲಿ ಹಾಯುವ ಹೊತ್ತಿಗೆ ಮಾತ್ರ, ಎಂಥ ಚಳಿಯಿದ್ದರೂ, ಕಿಟಕಿ ತೆರೆದಿರುತ್ತಿತ್ತು.