ಅರ್ಥ ಹೇಳದ ರಾಹೇಲಮ್ಮ

ರಾಹೇಲಮ್ಮ ಕಣ್ಣು ತೆರೆದೇ ಪ್ರಾರ್ಥಿಸುತ್ತಿದ್ದರು. ಊಟಿಯ ಹತ್ತಿರದ ನಮ್ಮ ಹಟ್ಟಿಯ ಮಿಷನ್ ಶಾಲೆಗೆ ನಾನು ಕಿರಿಯ ಉಪಾಧ್ಯಾಯಿನಿಯಾಗಿ ಸೇರಿದಾಗ ಮೊದಲು ಬೆರಗಾಗಿದ್ದು ಅದಕ್ಕೆ. ಕೇಳಿದರೆ, "ಯಾರ ಜೊತೆ ಮಾತಾಡುತ್ತೇವೋ ಅವರ ಮುಖ ನೋಡಬೇಕಲ್ಲ, ಮಾರ್ತಾ" ಎಂದರು. ಕುಳ್ಳಗಿನ ಹೆಂಗಸು, ಒಡೆದ ಹಿಮ್ಮಡಿ, ತಲೆಗೆ ಸದಾ ನಮ್ಮ ಬಡಗ ಹೆಂಗಸರು ಕಟ್ಟುವ ಬಿಳಿ ಬಟ್ಟೆ, ಮುಂಡು. ಗಂಡ ಸತ್ತ ಮೇಲೆ ಓದು ಕಲಿತು ಮಾಸ್ತರಿಕೆಗೆ ಬಂದವರು. ಮಗು ತಪ್ಪು ಬರೆದರೆ ಅಳಿಸುತ್ತಿರಲಿಲ್ಲ. ಪಕ್ಕದಲ್ಲೇ ಸರಿಯಾದದ್ದನ್ನು ಬರೆಸಿ, ಎರಡನ್ನೂ ನೋಡು ಎನ್ನುತ್ತಿದ್ದರು.

ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಯೇಸುವಿನ ಶಿಷ್ಯರಾದ ಅಪೊಸ್ತಲರ ಮೇಲೆ ಪವಿತ್ರಾತ್ಮ ಇಳಿದ ನೆನಪಿನ ಪಂಚಾಶತ್ತಮ ಹಬ್ಬದ ದಿನ ಕನ್ನಡದ ಆರಾಧನೆಯ ನಡುವೆ ಅವರು ಎದ್ದು ನಿಂತರು. ಬಾಯಿಂದ ಬಂದದ್ದು ಕನ್ನಡವಲ್ಲ, ನಮ್ಮ ಮನೆಮಾತು ಬಡಗವಲ್ಲ, ತಮಿಳೂ ಅಲ್ಲ. ಕೂಗಾಟವಿರಲಿಲ್ಲ, ಮೈ ನಡುಗಲಿಲ್ಲ. ಒಲೆಯ ಮುಂದೆ ಕೂತು ಮನೆಯವರೊಡನೆ ಮಾತಾಡುವಷ್ಟೇ ಮೆಲ್ಲಗೆ, ಸರಾಗವಾಗಿ ಹರಿಯಿತು ಆ ಮಾತು. ಮಾತು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಅಪೊಸ್ತಲರಿಗೆ ಬಂದ ಅನ್ಯಭಾಷೆ ಇದೇ ಎಂದು ಕೆಲವರು ಅತ್ತರು. ಇನ್ನು ಕೆಲವರು ತಲೆ ಕೆಟ್ಟಿದೆ ಎಂದರು. ನನಗೆ ನಾಚಿಕೆಯಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಸುದ್ದಿ ಹಟ್ಟಿಹಟ್ಟಿಗೆ ಹಬ್ಬಿತು. ಅವರ ಸುತ್ತ ಪ್ರಾರ್ಥನೆಯ ಗುಂಪೊಂದು ಕಟ್ಟಿಕೊಂಡಿತು. ಒಂದು ಸಂಜೆ ನಮ್ಮ ಸಭೆಗೆ ಸೇರದ ಜೋಗಿಗೌಡರು ಶಾಲೆಯ ಜಗಲಿಗೆ ಬಂದರು. ಅವರ ಒಬ್ಬನೇ ಮಗ ದಂಡಿನ ಸಾಮಾನು ಹೊರುವ ಹೇಸರಗತ್ತೆ ಹೊಡೆಯಲು ಯುದ್ಧಕ್ಕೆ ಹೋಗಿ ವರುಷವಾಗಿತ್ತು. ಕಾಗದ ನಿಂತುಹೋಗಿತ್ತು. ಮುದುಕ ಪೇಟ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೇಳಿದರು: "ಅವ್ವೆ, ನಿನಗೆ ದೇವರ ಮಾತು ಬರುತ್ತದೆಯಂತೆ. ಎನ್ನ ಮಗ ಉಂಟಾ, ಇಲ್ಲೆಯಾ?"

ಗುಂಪಿನವರೆಲ್ಲ ಅವರ ಬಾಯಿ ನೋಡುತ್ತಿದ್ದರು. ಇದ್ದಾನೆ ಎಂದು ಹೇಳಿಬಿಡಲಿ ಎಂದು ನಾನೂ ಒಳಗೊಳಗೇ ಬೇಡಿದೆ. ರಾಹೇಲಮ್ಮ ಗೌಡರ ಮುಖ ನೋಡಿಯೇ ಹೇಳಿದರು.

"ಬಾಯಿಗೆ ಬಂದದ್ದು ನಿಜ, ಗೌಡರೇ. ಅದರ ಅರ್ಥ ನಾ ಅರಿಯೆ. ಮಗ ಇದ್ದಾನೆ ಅಂತ ಹೇಳಿದರೆ ಅದು ಎನ್ನ ಮಾತು, ದೇವರದಲ್ಲ."

ಗುಂಪು ಅಂದೇ ಅರ್ಧವಾಯಿತು. ರಾಹೇಲಮ್ಮ ಮಾತ್ರ ಮಗನ ಹೆಸರು, ಪಡೆಯ ಹೆಸರು ಕೇಳಿ, ಊಟಿಯ ಗುಮಾಸ್ತರೊಬ್ಬರಿಂದ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ, ಉತ್ತರವಿಲ್ಲದಿದ್ದಾಗ ಮತ್ತೆ ಮತ್ತೆ ಬರೆಸಿದರು. ಮಳೆಗಾಲ ಮುಗಿಯುವಾಗ ಗೌಡರ ಹೆಸರಿಗೆ ಉತ್ತರ ಬಂತು. ಹುಡುಗ ಕಡಲಾಚೆ ಬಸ್ರಾದಲ್ಲಿ ಜ್ವರದಿಂದ ತೀರಿಹೋಗಿದ್ದ. ಆ ಕಾಗದವನ್ನು ಗೌಡರು ಬೇರೆ ಯಾರ ಕೈಗೂ ಕೊಡಲಿಲ್ಲ. ನೇರ ರಾಹೇಲಮ್ಮನ ಬಳಿಗೆ ತಂದು, ನೀ ಓದು ಎಂದರು. ರಾಹೇಲಮ್ಮ ತಮಗೆ ಬರುತ್ತಿದ್ದ ಅಲ್ಪಸ್ವಲ್ಪ ಇಂಗ್ಲಿಷಿನಲ್ಲಿ ಕೂಡಿಸಿ ಕೂಡಿಸಿ ಓದಿ, ಬಡಗದಲ್ಲಿ ಹೇಳಿ, ಕತ್ತಲಾಗುವವರೆಗೆ ಮುದುಕನ ಪಕ್ಕದಲ್ಲಿ ಕೂತಿದ್ದರು.

ಇತ್ತ ಪಾದ್ರಿಯವರಿಗೆ ಸಭೆ ಒಡೆಯುವ ಭಯ. ಕೆಟ್ಟ ಮನುಷ್ಯರಲ್ಲ ಅವರು. ರಾಹೇಲಮ್ಮ ಸಹಿ ಹಾಕಿದ ಒಂದು ಹೇಳಿಕೆ ಸಾಕು, ಕೆಲಸ ಉಳಿಯುತ್ತದೆ ಎಂದರು. ನನ್ನ ಅಕ್ಷರ ಚೆನ್ನಾಗಿತ್ತು, ನನ್ನಿಂದಲೇ ಬರೆಸಿದರು: ಆ ದಿನ ನನಗೆ ಜ್ವರವಿತ್ತು, ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಆಡಿದ್ದು ಬರಿಯ ಬಡಬಡಿಕೆ. ರಾಹೇಲಮ್ಮ ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಜ್ವರ ಇರಲಿಲ್ಲ, ಅಯ್ಯಾ. ಬಾರದ ಅರ್ಥ ಬಂತು ಅನ್ನಲಿಲ್ಲ ನಾ. ಬಂದ ಮಾತು ಬರಲಿಲ್ಲ ಅಂತ ಹೇಗೆ ಹೇಳಲಿ?"

ಹದಿನಾಲ್ಕು ವರುಷದ ಕೆಲಸ ಹಾಗೆ ಹೋಯಿತು. ಪಾದ್ರಿಯವರಿಗೆ ಕೈಮುಗಿದು ಹೊರಬಂದವರ ನಡಿಗೆ ಎಂದಿನಂತೆಯೇ ಇತ್ತು. ಹಿಂದೆ ನಿಂತು ನೋಡುತ್ತಿದ್ದ ನನ್ನ ತಲೆ ತಾನಾಗಿ ಎತ್ತಿಕೊಂಡಿತು. ನಮ್ಮಲ್ಲೂ ಇಂಥವರಿದ್ದಾರೆ ಎಂಬ ಹೆಮ್ಮೆಯನ್ನು ನಾನು ಮೊದಲು ಕಂಡದ್ದು ಅಂದು.

ಅವರು ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿಗೆ ಹೋದರು. ಚಳಿಜ್ವರದ ಊರು ಅದು, ಶಾಲೆ ಇರಲಿಲ್ಲ. ದನದ ಕೊಟ್ಟಿಗೆಯೊಂದನ್ನು ಸಾರಿಸಿ ಮಕ್ಕಳನ್ನು ಕೂರಿಸಿದರು. ಮೂರು ವರುಷದ ಮೇಲೆ ನಾನು ಹೋದಾಗ ಹನ್ನೊಂದು ಮಕ್ಕಳು ಮರಳಲ್ಲಿ ಕಾಗುಣಿತ ತಿದ್ದುತ್ತಿದ್ದರು. ರಾಗಿಮುದ್ದೆ ಬಡಿಸಿದರು. ಆ ಮಾತು ಮತ್ತೆ ಬಂತೇ ಎಂದು ಅಂಜುತ್ತ ಕೇಳಿದೆ. ಎರಡು ಸಲ ಬಂದಿತ್ತಂತೆ, ನೀರಿಗೆ ಹೋದಾಗ ಒಮ್ಮೆ, ರಾಗಿ ಒಣಗಿಸುವಾಗ ಒಮ್ಮೆ. ಯಾರೂ ಇರಲಿಲ್ಲ. "ಒಳ್ಳೆಯದಾಯಿತು, ಯಾರೂ ಏನೂ ಕೇಳಲಿಲ್ಲ" ಎಂದು ನಕ್ಕರು.

ಮುಂದಿನ ಬೇಸಿಗೆಗೆ ಮುಂಚೆ ಜ್ವರ ಅವರನ್ನೂ ಕೊಂಡೊಯ್ದಿತು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಕ್ರೈಸ್ತರ ಸಮಾಧಿಯನ್ನು ಕಂಡೇ ಇರದ ಆ ಊರಿನವರು, ರಾಹೇಲಮ್ಮನ ಪುಸ್ತಕದ ರಟ್ಟಿನ ಮೇಲಿದ್ದ ಗುರುತು ನೋಡಿ, ತೇಗದ ಮರದಲ್ಲಿ ಶಿಲುಬೆ ಮಾಡಿ ನೆಟ್ಟಿದ್ದರು. ತಲೆಯ ಕಡೆ ಇರಬೇಕಾದದ್ದು ಕಾಲಿನ ಕಡೆ ಇತ್ತು. ಸರಿಯಾಗಿದೆಯಾ ಎಂದು ಒಬ್ಬ ಹೆಂಗಸು ಕೇಳಿದಳು. ಸರಿಯಾಗಿದೆ ಎಂದೆ.