ನಿರಿಗೆಯಿಲ್ಲದ ಜೀಪು

ರವಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಇಬ್ಬರು ಮುದುಕಿಯರ ಕೀಲಿಗೆ ಎಣ್ಣೆ ಬೀಳುತ್ತದೆ. ಒಬ್ಬಳು ನಾನು. ಇನ್ನೊಬ್ಬಳು ಅಂಗಳದ ಬೇವಿನ ಗಿಡದ ಕೆಳಗೆ ನಿಂತಿರುವ ನಮ್ಮ ಜೀಪು. ನಾನು ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕಿಕೊಳ್ಳುತ್ತಿರುತ್ತೇನೆ. ಮುಧೋಳ ರಸ್ತೆಯ ಗ್ಯಾರೇಜಿನಿಂದ ಬಂದ ದಸ್ತಗೀರ ಮಿಸ್ತ್ರಿ ಗೋಣಿಚೀಲ ಹಾಸಿ, ಜೀಪಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಗ್ರೀಸ್ ಗನ್ನು ಒತ್ತುತ್ತಿರುತ್ತಾನೆ. ಅರ್ಧ ಗಂಟೆಯೊಳಗೆ ಅವಳ ಕಿರಿಗುಟ್ಟುವಿಕೆಯೆಲ್ಲ ನಿಂತುಹೋಗುತ್ತದೆ. ನನ್ನದು ಹಾಗೇ ಇರುತ್ತದೆ.

"ನಿಮ್ಮ ಮೊಣಕಾಲಿಗೆ ಗ್ರೀಸ್ ಹೊಡ್ಯಾಕ ತೂತ ಇಟ್ಟಿಲ್ಲ ನೋಡ್ರಿ ದೇವರು. ಇಟ್ಟಿದ್ರ ಅಲ್ಲೂ ಎರಡು ಪಂಪ್ ಹೊಡೀತಿದ್ದೆ, ಅವ್ವಾರ" ಎಂದು ಜೀಪಿನ ಕೆಳಗಿನಿಂದ ಅವನ ದನಿ ಬರುತ್ತದೆ. ಮುಖ ಕಾಣದೆ ಮಾತಾಡುವಾಗ ಮನುಷ್ಯನಿಗೆ ಧೈರ್ಯ ಹೆಚ್ಚು.

ಬಂಡಿಯ ಕೂಡಿಕೆಗೂ ಮೈಯ ಕೂಡಿಕೆಗೂ ಕೀಲು ಎಂದೇ ಹೆಸರಿಟ್ಟ ನಮ್ಮ ಹಿರಿಯರು ಎಷ್ಟು ಲಾಜಿಕಲ್ ಜನ! ನನ್ನ ಅಜ್ಜಿಯ ಮನೆಯಲ್ಲಿ ಹರಳೆಣ್ಣೆಯ ಗಡಿಗೆ ಒಂದೇ ಇತ್ತು. ಅದರಲ್ಲಿ ಸುಟ್ಟ ಹುಲ್ಲಿನ ಬೂದಿ ಕಲಸಿದರೆ ಚಕ್ಕಡಿಯ ಅಚ್ಚಿಗೆ, ಕಲಸದಿದ್ದರೆ ಅಜ್ಜಿಯ ಮಂಡಿಗೆ. ಒಮ್ಮೆ ಕತ್ತಲೆ ಕೋಣೆಯಲ್ಲಿ ಅದಲುಬದಲಾಗಿ, ಅಜ್ಜಿ ಎರಡು ದಿನ ಕಪ್ಪು ಕಾಲಿನಲ್ಲಿ ಓಡಾಡಿದಳು. ನೋವು ಮಾತ್ರ ಕಡಿಮೆಯಾಯಿತೆಂದು ಸಾಯುವ ತನಕ ಹೇಳುತ್ತಿದ್ದಳು.

ನನ್ನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಡಾಕ್ಟರು ಕೇಳಿದರೆ ನಾನು ಸೊಸೆಯ ಮುಖ ನೋಡುತ್ತೇನೆ. ಗೇರ್ ಆಯಿಲ್ ಬದಲಿಸಿದ್ದು ಯಾವಾಗ ಎಂದು ಕೇಳಲಿ, ಥಟ್ಟನೆ ಹೇಳಿಬಿಡುತ್ತೇನೆ. ಇದು ಹೆಮ್ಮೆಯಲ್ಲ, ಅನಿವಾರ್ಯ. ನಮ್ಮ ಮನೆ ಜಮಖಂಡಿಯಲ್ಲಿ, ಹೊಲ ಇರುವುದು ಬಾಡಗಂಡಿಯ ಕಡೆ. ಡಾಂಬರು ರಸ್ತೆ ಬಿಟ್ಟು ಒಳಗೆ ಇಳಿದರೆ ಕಪ್ಪು ಎರಿ ಮಣ್ಣು. ಬೇಸಿಗೆಯಲ್ಲಿ ಅದು ಕಲ್ಲು, ಒಂದು ಮಳೆ ಬಿದ್ದರೆ ನಾದಿದ ಹಿಟ್ಟು. ಗಾಲಿಗೆ ಮೆತ್ತಿಕೊಂಡು ಗಾಲಿಯೇ ಕಾಣದಂತೆ ಮಾಡುತ್ತದೆ. ಆಗ ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಲಾಕಿನ ಗುಬಟನ್ನು ಕೈಯಿಂದ ತಿರುಗಿಸಿ, ಫೋರ್ ವೀಲ್‌ಗೆ ಹಾಕಿದರೆ ಮಾತ್ರ ಮುಂದಿನ ದಾರಿ. ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಕಾಟ. ಕಬ್ಬಿನ ಒಣ ಗರಿ, ಅಂದರೆ ರವದಿ, ಹಾರಿ ಬಂದು ರೇಡಿಯೇಟರಿನ ಸಂದಿಯಲ್ಲಿ ಸೇರಿಕೊಂಡು ಇಂಜಿನ್ನಿಗೆ ಜ್ವರ ಬರಿಸುತ್ತದೆ. ಅದನ್ನು ನಾನು ಕ್ರೋಶೆ ಸೂಜಿಯಿಂದ ಒಂದೊಂದೇ ಎಳೆಯಾಗಿ ತೆಗೆಯುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಎಂಟು ವರ್ಷ ಕಲಿತ ಹೆಣಿಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಇಲ್ಲಿ.

ಕಾನ್ವೆಂಟಿನ ಮಾತು ಬಂತಲ್ಲ, ಸಿಸ್ಟರ್ ಆಗ್ನೆಸ್ ಅವರನ್ನು ನೆನೆಯದೆ ಹೋದರೆ ತಪ್ಪಾಗುತ್ತದೆ. ಅವರು ನಮಗೆ ಡಿಪೋರ್ಟ್‌ಮೆಂಟ್ ಎಂಬ ಒಂದು ಪಾಠ ಮಾಡುತ್ತಿದ್ದರು. ಒಬ್ಬ ಲೇಡಿ ಹೇಗೆ ಕೂರಬೇಕು, ಹೇಗೆ ಏಳಬೇಕು, ಮೋಟಾರನ್ನು ಹೇಗೆ ಹತ್ತಬೇಕು. ಮೊದಲು ಸೀಟಿಗೆ ಬೆನ್ನು ತಿರುಗಿಸಿ ಮೆಲ್ಲಗೆ ಕೂರುವುದು, ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಿರುಗಿಸುವುದು. "ನೀಸ್ ಟುಗೆದರ್, ಗರ್ಲ್ಸ್!" ಮೋಟಾರು ಇಲ್ಲದ ಕಾರಣ ಒಂದು ಬೆಂಚಿನ ಮೇಲೆ ಪ್ರಾಕ್ಟೀಸು. ನಾನು ಅದರಲ್ಲಿ ಕ್ಲಾಸಿಗೇ ಫಸ್ಟ್. ಮದುವೆಯಾಗಿ ಜಮಖಂಡಿಗೆ ಬಂದರೆ ಅಂಗಳದಲ್ಲಿ ಈ ಜೀಪು! ಬೆನ್ನು ತಿರುಗಿಸಿ ಕೂರಲು ನೋಡಿದೆ. ಸೀಟು ನನ್ನ ಸೊಂಟಕ್ಕಿಂತ ಮೇಲಿತ್ತು. ಯಜಮಾನರು ನಗು ತಡೆದುಕೊಂಡು, "ಎಡಗಾಲ ಮೊದಲ ಇಡು, ಸ್ಟೇರಿಂಗ್ ಹಿಡಿ, ಹಾರು" ಎಂದರು. ಮೂರೇ ಮಾತು. ಡಿಗ್ನಿಟಿಯ ಎಂಟು ವರ್ಷ ಅಲ್ಲಿಗೆ ಮುಗಿಯಿತು.

ಡ್ರೈವಿಂಗನ್ನೂ ಅವರೇ ಕಲಿಸಿದರು, ಕಬ್ಬು ಕಡಿದ ಬಯಲು ಹೊಲದಲ್ಲಿ, ಯಾರಿಗೂ ಅಪಾಯವಿಲ್ಲದ ಕಡೆ. ಅವರು ಹೋಗಿ ಒಂಬತ್ತು ವರ್ಷವಾಯಿತು. ಸೀಟಿನ ಸ್ಪ್ರಿಂಗು ಅವರು ಕೂತು ಕೂತು ಬಲಕ್ಕೆ ತುಸು ತಗ್ಗಾಗಿದೆ. ಮಿಸ್ತ್ರಿ ಎಷ್ಟೋ ಸಲ ಬದಲಿಸುತ್ತೇನೆಂದ. ಇದೊಂದು ರಿಪೇರಿ ಬೇಡ ಎಂದಿದ್ದೇನೆ. ಆ ತಗ್ಗಿನಲ್ಲಿ ಕೂತು ವಾರಕ್ಕೊಮ್ಮೆ ಹೊಲಕ್ಕೆ ಹೋಗಿಬರುವ ಎರಡು ಗಂಟೆ ನಾನು ಯಾರ ಅತ್ತೆಯೂ ಅಲ್ಲ, ಯಾರ ಪೇಷಂಟೂ ಅಲ್ಲ.

ಈಗ ಸಂಕಟದ ವಿಷಯಕ್ಕೆ ಬರುತ್ತೇನೆ. ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವ ನನ್ನ ಮಗ ಶಿವಾನಂದನಿಗೆ ನಾಲ್ಕು ವರ್ಷದ ಹಿಂದೆ ಜೀಪನ್ನು ಮಾಡಿಫೈ ಮಾಡಿಸುವ ಹುಕಿ ಬಂತು. ದೊಡ್ಡ ಟೈರು ಹಾಕಿಸಿದ, ಸ್ಪ್ರಿಂಗ್ ಪಾಟಾಗಳ ಕೆಳಗೆ ಏನೋ ಸೇರಿಸಿ ಇಡೀ ಬಾಡಿಯನ್ನು ಒಂದು ಗೇಣು ಎತ್ತಿಸಿದ. ಜೀಪು ಮುಧೋಳದ ನಾಯಿಯ ಹಾಗೆ ಹೊಟ್ಟೆಯನ್ನು ಬೆನ್ನಿಗೆ ಹತ್ತಿಸಿಕೊಂಡು ನೀಳ ಕಾಲಿನ ಮೇಲೆ ನಿಂತಿತು. ನೋಡಲು ಖಂಡಿತ ಹ್ಯಾಂಡ್ಸಮ್. ಕೆಸರಿನಲ್ಲೂ ಈಗ ಹೂಳುವುದಿಲ್ಲ. ಆದರೆ ಅದು ಒಂದು ಗೇಣು ಏರಿದ ವರ್ಷಗಳಲ್ಲೇ ನನ್ನ ಮೊಣಕಾಲು ಒಂದು ಗೇಣು ಇಳಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನೂ ಬಾಯಿ ಬಿಟ್ಟಿರಲಿಲ್ಲ.

ಗುಟ್ಟು ರಟ್ಟಾದದ್ದು ಪೇಟೆಯಲ್ಲಿ. ಸೊಸೆ ಸುವರ್ಣಾ ಕೆಲಸ ಮಾಡುವ ಬ್ಯಾಂಕಿನ ಎದುರು ಜೀಪು ನಿಲ್ಲಿಸಿ ತರಕಾರಿ ತಂದೆ. ತಿರುಗಿ ಹತ್ತಲು ಹೋದರೆ ಎಡಗಾಲು ಮೇಲೇಳಲೊಲ್ಲದು. ಜನರ ಎದುರು ಮರ್ಯಾದೆ ನೋಡಿ! ಬಗ್ಗಿ ಟೈರು ಒತ್ತಿ ನೋಡಿದೆ. ಬಾನೆಟ್ ತೆಗೆದು ಏನೂ ಇಲ್ಲದ ಕಡೆ ಏನೋ ಹುಡುಕಿದೆ. ಮತ್ತೆ ಟೈರು ಒತ್ತಿದೆ. ಹೀಗೆ ಕಾಲು ಗಂಟೆ ಇನ್‌ಸ್ಪೆಕ್ಷನ್ ನಡೆದಾಗ ಕಿಟಕಿಯಿಂದ ನೋಡುತ್ತಿದ್ದ ಸುವರ್ಣಾ ಇಳಿದು ಬಂದು, ನನ್ನ ರಟ್ಟೆ ಹಿಡಿದು ಹತ್ತಿಸಿದಳು. ಮಾತು ಬಂದದ್ದು ಸಂಜೆ, ಚಹಾದ ಜೊತೆ.

"ಅತ್ತೀ, ಬ್ಯಾಡ ಅನ್ನೂದಿಲ್ಲ ನಾ. ಆದ್ರ ಒಬ್ಬರ ಇದ್ದಾಗ ಹೊಲದಾಗ ಇಳಿದು ಮತ್ತ ಏರಾಕ ಆಗಲಿಲ್ಲ ಅಂದ್ರ? ಯಾರ ಕೈ ಹಿಡೀದಂಗ ಏರಿ ತೋರಸ್ರಿ. ಅಲ್ಲೀತನಾ ಕೀಲಿಕೈ ನನ್ನ ಪರ್ಸಿನ್ಯಾಗ ಇರತೈತಿ."

ಬ್ಯಾಂಕಿನವರ ಮಾತು. ಅದರಲ್ಲಿ ತಪ್ಪು ಹುಡುಕಲು ರಾತ್ರಿಯಿಡೀ ಹೊರಳಾಡಿದೆ, ಸಿಗಲಿಲ್ಲ.

ಮಿಸ್ತ್ರಿಗೆ ಹೇಳಿದೆ. ಅವನು ಬಾಗಿಲ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು ಬೆಸೆದುಕೊಟ್ಟ. ಅದರ ಮೇಲೆ ಕಾಲಿಟ್ಟು ಮಹಾರಾಣಿಯ ಹಾಗೆ ಹತ್ತಿ ತೋರಿಸಿ ಕೀಲಿಕೈ ಗೆದ್ದೆ. ಮೂರನೆಯ ದಿನ ಹೊಲದ ಬದು ದಾಟುವಾಗ ಮೆಟ್ಟಿಲು ಬದುವಿಗೆ ಖಟ್ಟನೆ ತಾಗಿ ಮಡಚಿಕೊಂಡು ಚಪಾತಿಯ ಸುರುಳಿಯಂತಾಯಿತು. "ಎತ್ತರ ಮಾಡಿದ್ದ ಬದು ದಾಟಾಕ್ರಿ. ಮತ್ತ ಕೆಳಗ ಮೆಟ್ಟಲಾ ಇಳಿಬಿಟ್ರ ಗಾಡಿ ಏನ್ ಮಾಡಬೇಕು?" ಎಂದ ಮಿಸ್ತ್ರಿ, ತಾನೇ ಬೆಸೆದದ್ದನ್ನು ಮರೆತು. ಕೀಲಿಕೈ ಮತ್ತೆ ಪರ್ಸಿಗೆ ಹೋಯಿತು. ಎರಡು ವಾರ ನಾನು ಅಂಗಳದಲ್ಲಿ ಕೂತು, ಓಡದ ಜೀಪಿನ ಗಾಜು ಒರೆಸಿದೆ.

ಇಲ್ಲಿ ಹೋದ ವರ್ಷದ ನನ್ನ ಇನ್ನೊಂದು ಮಾಡಿಫಿಕೇಶನ್ನಿನ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಜೀಪಿನ ಮೇಲಿನ ರೆಕ್ಸಿನ್ ಹುಡ್ ಹರಿದಿತ್ತು. ಹೊಸದು ಪೇಟೆಯಲ್ಲಿ ಸಿಗುತ್ತದೆ. ಆದರೆ ಹದಿನೈದು ಮೈಲಿಯೊಳಗೇ ಬನಹಟ್ಟಿ ಇರುವಾಗ, ಊರ ತುಂಬ ಮಗ್ಗ ಇರುವಾಗ, ಪ್ಲಾಸ್ಟಿಕ್ಕಿನ ಕೆಳಗೆ ಕೂತು ಬೇಯುವುದೇ? ಬನಹಟ್ಟಿಗೆ ಹೋದೆ. ಓಣಿಯೆಲ್ಲ ಪವರ್‌ಲೂಮಿನ ಖಟಪಟ. ಅದರ ನಡುವೆ ಇನ್ನೂ ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವ ರುದ್ರಪ್ಪನವರನ್ನು ಹುಡುಕಿದೆ. ನನ್ನ ಎಷ್ಟೋ ಸೀರೆ ನೇಯ್ದ ಕೈ ಅದು. ಜೀಪಿನ ಅಳತೆ ಕೊಟ್ಟು, ದಪ್ಪ ನೂಲಿನಲ್ಲಿ ಬರೀ ಪ್ಲೇನ್ ಬಟ್ಟೆ ಬೇಕೆಂದೆ.

ತಿಂಗಳ ಮೇಲೆ ಹೋಗಿ ನೋಡಿದರೆ ಹಸಿರು ಬಟ್ಟೆಗೆ ಎರಡೂ ಬದಿ ಸೀರೆಯ ಅಂಚಿನಂತೆ ನಾಲ್ಕು ಬೆರಳಗಲದ ಕೆಂಪು ದಡಿ!

"ಇದೇನ್ರಿ ರುದ್ರಪ್ಪನವರ? ಜೀಪಿಗೆ ದಡಿ?"

"ದಡಿ ಇಲ್ಲದ ಅರಬಿ ನೇಯಾಕ ಕೈ ಬರಲಿಲ್ಲರಿ ಅವ್ವಾರ. ಎರಡು ಸಲ ಕುಂತೆ, ಎರಡೂ ಸಲ ಎದ್ದೆ. ಸತ್ತವರ ಮ್ಯಾಲ ಹೊಚ್ಚೂ ಅರಬಿ ಕಂಡಂಗ ಕಾಣತಿತ್ತು. ನಿಮ್ಮ ಗಾಡಿ ಮುತ್ತೈದಿ ಇರಲಿ ಬಿಡ್ರಿ."

ಮನೆಗೆ ತಂದು ಜೀಪಿಗೆ ಉಡಿಸಿದೆ. ಸೋಮವಾರದ ಸಂತೆಗೆ ಹೊರಟ ಗೃಹಿಣಿಯಂತೆ ಕಂಡಿತು. ತೇರದಾಳದ ದಾರಿಯಲ್ಲಿ ಬಸ್ಸಿನವರು ತಿರುಗಿ ತಿರುಗಿ ನೋಡಿದರು. ನನ್ನ ಹೆಮ್ಮೆ ಮೊದಲ ಮಳೆಯ ತನಕ ಉಳಿಯಿತು. ಮಳೆಯಲ್ಲಿ ನೆಂದು, ಮರುದಿನದ ಬಿಸಿಲಿಗೆ ಒಣಗಿದ ಹುಡ್ ಹಲಗೆಯಂತೆ ಬಿಗಿದುಕೊಂಡು, ನೋಡನೋಡುತ್ತಿದ್ದಂತೆ ಗುಂಡಿಗಳನ್ನು ಪಟಪಟನೆ ಹಾರಿಸಿತು. ಹಿಂದಿನ ಸೀಟು ಆಕಾಶಕ್ಕೆ ತೆರೆದುಕೊಂಡಿತು. ಹತ್ತಿಬಟ್ಟೆ ಕುಗ್ಗುತ್ತದೆಂಬುದು ಐವತ್ತು ವರ್ಷ ನೇಯ್ದ ಅವರಿಗೂ ಐವತ್ತು ವರ್ಷ ಉಟ್ಟ ನನಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ರುದ್ರಪ್ಪನವರು ತಲೆ ಕೆರೆದುಕೊಂಡು ಹೇಳಿದ್ದೇ ಸರಿ: "ಸೀರಿ ಗೇಣು ಕುಗ್ಗಿದ್ರ ಉಟ್ಟಾಕಿ ಒಂದು ನಿರಗಿ ಕಡಿಮಿ ಹಿಡೀತಾಳ. ಅದಕ್ಕ ಜೀವನಾನ ನಾವು ವಿಚಾರ ಮಾಡಿಲ್ಲರಿ. ಗಾಡಿಗೆ ನಿರಗಿ ಎಲ್ಲೈತಿ?" ಆಮೇಲೆ ನನ್ನ ಸಪ್ಪೆ ಮುಖ ನೋಡಿ ಸಮಾಧಾನ ಹೇಳಿದರು: "ಕುಗ್ಗೂದೆಲ್ಲ ಕುಗ್ಗೇತಿ. ಇನ್ನ ಮುಂದ ಈ ಅರಬಿ ಮೋಸ ಮಾಡೂದಿಲ್ಲ."

ಜೀಪಿಗೆ ಮತ್ತೆ ರೆಕ್ಸಿನ್ ಬಂತು. ಕುಗ್ಗಿದ ಬಟ್ಟೆಯನ್ನು ಮಡಚಿ ಟ್ರಂಕಿನಲ್ಲಿಟ್ಟೆ.

ಮೆಟ್ಟಿಲು ಮುರಿದ ಎರಡು ವಾರದ ಮೇಲೆ ಮಿಸ್ತ್ರಿ ಹೊಸ ಐಡಿಯಾ ತಂದ. ಕಾಲಿಗೆ ಆಸರೆ ಕೊಡಲು ಬದು ಬಿಡುವುದಿಲ್ಲ, ಕೈಗೆ ಕೊಡೋಣ. ಹುಡ್ಡಿನ ಕಮಾನಿಗೆ ಕಬ್ಬಿಣದ ಹಿಡಿಕೆ ಹಾಕಿದ. ನಮ್ಮ ಬಿಸಿಲಿಗೆ ಅದು ಕಾದ ಹಂಚಾಯಿತು. ಹಗ್ಗ ಕಟ್ಟಿದ, ಅಂಗೈ ಸುಲಿಯಿತು. "ಮೆತ್ತಗೂ ಇರಬೇಕು, ಗಟ್ಟೀನೂ ಇರಬೇಕು. ಅಂಥಾದ್ದು ಯಾವ ಅಂಗಡ್ಯಾಗ ಸಿಗತೈತ್ರಿ?" ಎಂದು ಅವನು ಗೊಣಗುತ್ತಿದ್ದಾಗ ನನಗೆ ಟ್ರಂಕು ನೆನಪಾಯಿತು. ಒಳಗೆ ಹೋಗಿ ಬಟ್ಟೆ ತೆಗೆದು ಒಂದು ಬದಿಯ ಕೆಂಪು ದಡಿಯನ್ನು ಉದ್ದಕ್ಕೂ ಕತ್ತರಿಸಿ ತಂದೆ. ಒಮ್ಮೆ ಕುಗ್ಗಿದ್ದು ನಿಜ, ಆದರೂ ಅನುಭವ ಎಂಬುದಿದೆಯಲ್ಲ. ಮೂರು ಸಲ ಕುದಿವ ನೀರಿನಲ್ಲಿ ಅದ್ದಿ ಒಣಗಿಸಿದೆ. ಮಿಸ್ತ್ರಿ ಅದನ್ನು ನಾಲ್ಕು ಮಡಿಕೆ ಮಾಡಿ, ದಬ್ಬಳದಿಂದ ಹೊಲಿದು, ಕಮಾನಿಗೆ ಬೋಲ್ಟು ಬಿಗಿದು ಇಳಿಬಿಟ್ಟ. ತಾನೇ ಜೋತುಬಿದ್ದು ಟೆಸ್ಟ್ ಮಾಡಿದ. ಅವನ ತೂಕಕ್ಕೆ ಜಗ್ಗದ್ದು ನನ್ನ ತೂಕಕ್ಕೆ ಜಗ್ಗುವುದೇ?

ರವಿವಾರ ಪರೀಕ್ಷೆ. ಸುವರ್ಣಾ ಕೈಕಟ್ಟಿ ನಿಂತಳು, ಬೆರಳಿನಲ್ಲಿ ಕೀಲಿಕೈ. ಮಿಸ್ತ್ರಿ ಒಂದು ಮಾರು ದೂರ ಸರಿದು ನಿಂತ, ತಾನು ಮುಟ್ಟಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ. ನಾನು ದಡಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡೆ. ಎಡಗಾಲು ಮೊದಲು. ಕಾಲು ಅರ್ಧಕ್ಕೆ ಏರಿ ನಿಂತಿತು. ಮೊಣಕಾಲು ಎಂದಿನ ಹಾಗೆ ತಕರಾರು ತೆಗೆಯಿತು. ಆದರೆ ತೂಕವೆಲ್ಲ ಈಗ ಕೈಯ ಮೇಲಿತ್ತು. ದಡಿ ಬಿಗಿಯಿತು, ಒಂದು ಎಳೆಯೂ ಹಿಗ್ಗಲಿಲ್ಲ. ಮುಂದಿನ ಕ್ಷಣ ನಾನು ನನ್ನ ತಗ್ಗಿನಲ್ಲಿ ಕೂತಿದ್ದೆ. ಸೀರೆ ಅಸ್ತವ್ಯಸ್ತ, ಮಂಡಿ ಒಂದು ಕಡೆ, ಪಾದ ಒಂದು ಕಡೆ. ಸಿಸ್ಟರ್ ಆಗ್ನೆಸ್ ಕಂಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ಇಳೀರಿ" ಎಂದಳು ಸುವರ್ಣಾ.

"ಯಾಕವ್ವ?"

"ಇನ್ನೊಮ್ಮೆ ಏರ್ರಿ. ಒಮ್ಮೆ ಎಲ್ಲಾರೂ ಏರತಾರ."

ಮೂರು ಸಲ ಹತ್ತಿಸಿದಳು ಮಹಾರಾಯ್ತಿ. ಮೂರನೆಯ ಸಲ ಕೀಲಿಕೈ ನನ್ನ ಮಡಿಲಿಗೆ ಬಿತ್ತು. ಜೀಪಿನ ಹಿಂದಿನಿಂದ ಮಿಸ್ತ್ರಿಯ ಚಪ್ಪಾಳೆ ಕೇಳಿಸಿತು.

"ಇವತ್ತ ಸೂಟಿ ಐತಿ. ನಾನೂ ಬರತೇನಿ ಹೊಲಕ್ಕ" ಎಂದಳು ಸುವರ್ಣಾ. ಸ್ಕೂಟರಿನಲ್ಲಿ ಓಡಾಡುವವಳು, ಜೀಪು ಎತ್ತರವಾದ ಮೇಲೆ ಒಮ್ಮೆಯೂ ಅದನ್ನು ಹತ್ತಿದವಳಲ್ಲ. ಗಂಜಿ ಹಾಕಿದ ಸೀರೆಯಲ್ಲೇ ಜೀಪಿನ ಆಚೆ ಬದಿಗೆ ಹೋದಳು. ಒಂದು ಕಾಲೆತ್ತಿದಳು, ಇಳಿಸಿದಳು. ಇನ್ನೊಂದು ಎತ್ತಿದಳು, ಇಳಿಸಿದಳು. ಬಗ್ಗಿ ಟೈರು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು.

ಕಾಲು ಗಂಟೆ ಕಾಯುವಷ್ಟು ಕೆಟ್ಟವಳಲ್ಲ ನಾನು. ಅರ್ಧ ನಿಮಿಷ ಮಾತ್ರ ಕಾದೆ.

"ಅತ್ತೀ" ಎಂದಳು ಕೊನೆಗೆ, ಮಿಸ್ತ್ರಿಗೆ ಕೇಳಿಸದಂತೆ ದನಿ ತಗ್ಗಿಸಿ, "ಕೈ ಕೊಡ್ರಿ."

ನಾನು ಆಗಲೇ ಕೂತಾಗಿತ್ತು, ದಡಿ ಹಿಡಿಯುವ ಅಗತ್ಯವಿರಲಿಲ್ಲ, ಎರಡೂ ಕೈ ಕೊಟ್ಟೆ. ಹೊಲದಿಂದ ಬಂದವಳೇ ಟ್ರಂಕು ತೆರೆದೆ. ಇನ್ನೊಂದು ಬದಿಯ ದಡಿ ಹಾಗೇ ಇತ್ತು, ಕತ್ತರಿಸಿ ತೆಗೆದೆ. ಬರುವ ರವಿವಾರ ಮಿಸ್ತ್ರಿ ಅದನ್ನು ಅವಳ ಬದಿಗೆ ಕಟ್ಟುತ್ತಾನೆ. ಕುದಿಸಿ ಒಣಗಿಸಿಟ್ಟಿದ್ದೇನೆ, ಕುಗ್ಗುವುದೆಲ್ಲ ಕುಗ್ಗಿದೆ, ಇನ್ನು ಯಾರ ಭಾರವನ್ನಾದರೂ ತಡೆದೀತು.